ಖಾಲಿ ಇದ್ದ ಒಂದೇ ಪಾತ್ರ

ಬೀಳಹಾಳವನ್ನು ಮತ್ತೆ ಕಟ್ಟಿದಾಗ ಮಾದರ ಓಣಿಯನ್ನು ಕಟ್ಟಲಿಲ್ಲ.

ಉಳಿದದ್ದೆಲ್ಲ ಇತ್ತು. ಹೊಳೆಗೆ ಇಳಿಯುವ ಸವೆದ ಪಾವಟಿಗೆಗಳಿದ್ದವು, ಅಗಸಿ ಬಾಗಿಲಿತ್ತು, ಬಜಾರದ ಕಟ್ಟೆಯಿತ್ತು, ಕುದಿಯುವ ಎಣ್ಣೆಗೆ ಬಿದ್ದ ಮಿರ್ಚಿಯ ಘಾಟಿತ್ತು. ಆಣೆಕಟ್ಟನ್ನು ಎತ್ತರಿಸಿದಾಗ ನೀರಿನಡಿ ಹೋಗಿ ಮೂವತ್ತು ವರ್ಷವಾಗಿದ್ದ ಊರು ‘ಮರುನೆಲ’ ಎಂಬ ಯಂತ್ರದೊಳಗೆ ಎಳೆಬಿಸಿಲು ಕಾಯುತ್ತ ಕೂತಿತ್ತು. ಹಣೆಗೆ ಒಂದು ಪಟ್ಟಿ ಕಟ್ಟಿಕೊಂಡರೆ ಮುಗಿಯಿತು. ಅದರೊಳಗಿನ ಕೂದಲಿಗಿಂತ ಸಣ್ಣ ತಂತುಗಳು ಕಣ್ಣು ಕಿವಿಗಳ ಹಂಗಿಲ್ಲದೆ ನೋಟವನ್ನೂ ಸದ್ದನ್ನೂ ನೇರ ಮಿದುಳಿಗೆ ಮುಟ್ಟಿಸುತ್ತಿದ್ದವು. ಕಾಲಿಗೆ ದೂಳಿನ ಬಿಸಿ ತಾಗುತ್ತಿತ್ತು. ಕುರುಡರಿಗೂ ಊರು ಕಾಣುತ್ತಿತ್ತು.

ಸಂಗ್ರಹಾಲಯವೆಂದು ಹುಟ್ಟಿದ್ದು ಬಹುಬೇಗ ಆಟವಾಯಿತು. ‘ಬೀಳಹಾಳ ಬಳಗ’ದಲ್ಲಿ ಈಗ ನಲವತ್ತು ಸಾವಿರ ಮಂದಿ. ಒಬ್ಬೊಬ್ಬರಿಗೂ ಒಂದು ಪಾತ್ರ. ಮಂಗಳೂರಿನ ದಂತವೈದ್ಯನೊಬ್ಬ ಇಲ್ಲಿ ಗಾಣ ತಿರುಗಿಸುತ್ತಿದ್ದ, ಟೊರಾಂಟೊದ ವಕೀಲೆ ಬಳೆ ತೊಡಿಸುತ್ತಿದ್ದಳು. ಒಳಗೆ ಬಂದಮೇಲೆ ಪಾತ್ರ ಬಿಡಬಾರದು ಎಂಬುದೇ ಬಳಗದ ಮೊದಲ ಮತ್ತು ಕೊನೆಯ ನಿಯಮ. ಹೆಚ್ಚಿನವರು ಆ ಹೊಳೆಯನ್ನು ಕಣ್ಣಿನಿಂದ ನೋಡಿದವರಲ್ಲ. ಊರು ಮುಳುಗಿದಾಗಿನ ಅಳು ಯಾರಿಗೆ ಬೇಡವಾಗಿತ್ತೋ ಅವರಿಗೆಲ್ಲ ಮುಳುಗಿದ ಊರಿನ ಚೆಂದ ಬೇಕಾಗಿತ್ತು.

ಹುಲಿಗೆಮ್ಮ ಹುಬ್ಬಳ್ಳಿಯಲ್ಲಿ ಸಿಟಿ ಬಸ್ಸು ಓಡಿಸುವವಳು. ಊರು ಬಿಟ್ಟಾಗ ಅವಳಿನ್ನೂ ಲಂಗ ತೊಡುವ ಹುಡುಗಿ. ಒಂದು ರವಿವಾರ ಪಟ್ಟಿ ಕಟ್ಟಿಕೊಂಡು ಅತಿಥಿಯಾಗಿ ಒಳಗೆ ಹೋದಳು. ಅಗಸಿ ದಾಟಿ ಬಲಕ್ಕೆ ಹೊರಳಿದಳು. ಓಣಿ ಇರಬೇಕಾದಲ್ಲಿ ಜಾಲಿಯ ಕಂಟಿ ಬೆಳೆದಿತ್ತು. ನಡುವೆ ನಾಲ್ಕಾರು ಆಟಗಾರರು ಕುದುರೆ ಓಡಿಸುತ್ತಿದ್ದರು.

ಒಬ್ಬ ಕುದುರೆ ನಿಲ್ಲಿಸಿ ಕೇಳಿದ, “ಯಾವೂರಾಕಿ ಬೇ ನೀ?”

“ಇದ ಊರಾಕಿ.”

“ಈ ಊರಾಗ ನಿನ್ನ ಎಂದೂ ಕಂಡಿಲ್ಲಲ್ಲ!” ಎಂದು ನಕ್ಕು ಕುದುರೆಯನ್ನು ಹೊಡೆದುಕೊಂಡು ಹೋದ. ಅವನು ಪಾತ್ರ ಬಿಟ್ಟಿರಲಿಲ್ಲ.

ಮನೆಯಲ್ಲಿ ತಾಯಿ ದ್ಯಾಮವ್ವ ಗೋಡೆಗೆ ಆತು ಕೂತು ಕಾಯುತ್ತಿದ್ದಳು. ಅವಳ ಕಣ್ಣು ಪೂರಾ ಹೋಗಿ ಆರು ವರ್ಷ. ತನ್ನ ಹೊಸ್ತಿಲ ಮೇಲೆ ಒಮ್ಮೆ ಕೂತು ಎದ್ದರೆ ಸಾಕು ಎಂಬುದೊಂದೇ ಅವಳ ಆಸೆ. ಅದಕ್ಕೆಂದೇ ಮಗಳು ಎರಡು ಪಟ್ಟಿ ತಂದಿದ್ದಳು.

“ಕಂಡಿತೇನಬೇ ಮನಿ?”

“ಮನಿ ಇಲ್ಲಬೇ. ಓಣೀನ ಇಲ್ಲ. ಜಾಲಿಕಂಟಿ ಹಚ್ಯಾರ.”

ಮುದುಕಿ ಜಗಿಯುತ್ತಿದ್ದ ಎಲೆ ಅಡಿಕೆಯನ್ನು ದವಡೆಗೆ ಸರಿಸಿದಳು. “ನೀರಾಗರ ಅದ ನಮ್ಮ ಮನಿ,” ಎಂದಳು. “ಮೀನ ಬಂದು ಹೋಗಿ ಮಾಡ್ತಾವ. ಇವರಿಗೆ ಕಣ್ಣಿಲ್ಲೇನು?”

ಯಂತ್ರವನ್ನು ಕಂಡುಹಿಡಿದ ಡಾಕ್ಟರ್ ವಸುಧಾ ದೇಸಾಯಿ ಧಾರವಾಡದಲ್ಲೇ ಇದ್ದರು. ಹುಲಿಗೆಮ್ಮ ರಜೆ ಹಾಕಿ ಹೋದಳು. ಆಕೆ ಕುರ್ಚಿ ಕೊಟ್ಟರು, ಚಹಾ ತರಿಸಿದರು, ಮೊದಲ ಮಾತಿಗೇ ತಪ್ಪನ್ನೂ ಒಪ್ಪಿಕೊಂಡರು. ಒಪ್ಪಿಕೊಳ್ಳುವುದು ಆಕೆಗೆ ಕಷ್ಟವಿರಲಿಲ್ಲ.

“ಮರುನೆಲ ತಾನಾಗೇ ಏನೂ ಕಲ್ಪಿಸಿಕೊಳ್ಳೂದಿಲ್ಲ ನೋಡ್ರಿ. ಒಂದು ಗೋಡೆ ಎಬ್ಬಿಸಬೇಕಂದ್ರೂ ಅದಕ್ಕ ಮೂರು ಸಾಕ್ಷಿ ಬೇಕು. ಒಂದು ದಾಖಲೆ, ಒಂದು ಚಿತ್ರ, ಒಂದು ನೆನಪು. ನಿಮ್ಮ ಮನಿಗಳಿಗೆ ಉತಾರ, ಹಕ್ಕಿನ ಕಾಗದಾನೇ ಇರಲಿಲ್ಲ. ಸರ್ವೆ ಮಾಡಿದವರು ‘ತಗಡಿನ ಶೆಡ್ಡು, ಅತಿಕ್ರಮಣ’ ಅಂತ ಬರದು ಬಿಟ್ಟಾರ.”

“ನೆನಪು ಇದ್ದವಲ್ರೀ. ನಮ್ಮ ಓಣಿ ಮಂದಿ ಎಲ್ಲಾರೂ ನೆನಪು ಬರಕೊಳ್ಳೂ ನಿಮ್ಮ ಕ್ಯಾಂಪಿಗೆ ಬಂದು ಹೇಳಿ ಹೋಗ್ಯಾರ. ನಮ್ಮವ್ವನೂ ಬಂದಿದ್ಲು.”

ವಸುಧಾ ಚಹಾದ ಕಪ್ಪನ್ನು ತಿರುಗಿಸುತ್ತ ಕೂತರು. “ಬಂದಿದ್ರು. ಎಲ್ಲಾರೂ ಒಂದೇ ಹೇಳಿದ್ರು. ಒಂದೇ ಬೇವಿನ ಗಿಡ, ಅದೇ ಒಡದ ಕೊಳಾಯಿ, ಎದುರುಬದರು ಬಾಗಿಲು. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಅಷ್ಟು ಕೂಡಿಬಂದ್ರ ಯಂತ್ರ ಅದನ್ನ ಬಾಯಿಪಾಠ ಅಂತ ತಿಳೀತದ. ಎಲ್ಲಾರನ್ನೂ ಸೇರಿಸಿ ಒಂದೇ ಸಾಕ್ಷಿ ಅಂತ ಎಣಿಸ್ತು. ಬಜಾರದವರು ಒಬ್ಬೊಬ್ಬರು ಒಂದೊಂದು ಹೇಳಿದ್ರು. ಅದಕ್ಕ ಅವರನ್ನ ಬ್ಯಾರೆ ಬ್ಯಾರೆ ಸಾಕ್ಷಿ ಅಂತ ನಂಬ್ತು.”

“ಅಂದ್ರ ಸುಳ್ಳು ಹೇಳಿದ್ರ ನಮಗೂ ಮನಿ ಸಿಗತಿತ್ತೇನ್ರೀ ಬಾಯಾರ?”

ವಸುಧಾ ಕಪ್ಪನ್ನು ಕೆಳಗಿಟ್ಟರು. ಮಾತು ಮರೆಸಲು ಕೇಳಿದರು, “ಆ ಕಾಲಕ್ಕ ಎಲ್ಲಾರ ಕೈಯಾಗೂ ಫೋನ್ ಇತ್ತಲ್ಲ. ಒಂದರೆ ಫೋಟೋ ಇಲ್ಲೇನು?”

ಇತ್ತು. ಹುಲಿಗೆಮ್ಮನ ಅಣ್ಣ ತೆಗೆಸಿಕೊಂಡದ್ದು ನೂರಾರಿದ್ದವು. ಕಪ್ಪು ಕನ್ನಡಕ ಹಾಕಿ ಗೌಡರ ಕಾಂಪೌಂಡಿಗೆ ಆತು ನಿಂತದ್ದು, ಯಾರದೋ ಬುಲೆಟ್ಟಿನ ಮೇಲೆ ಕೂತದ್ದು, ಬ್ಯಾಂಕಿನ ಗಾಜಿನ ಬಾಗಿಲ ಮುಂದೆ ನಿಂತದ್ದು. ಓಣಿಯ ಹುಡುಗರೆಲ್ಲ ಹಾಗೆಯೇ. ತಮ್ಮ ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡವನು ಒಬ್ಬನೂ ಇರಲಿಲ್ಲ. ಹಿಂದಿನ ತಗಡು ಕಂಡರೆ ನೋಡಿದವರಿಗೆ ಜಾತಿ ಕಾಣುತ್ತಿತ್ತು. ಆ ಚಿತ್ರಗಳನ್ನೂ ಯಂತ್ರ ತಿಂದಿತ್ತು. ಗೌಡರ ಕಾಂಪೌಂಡು ಇಟ್ಟಿಗೆ ಇಟ್ಟಿಗೆಯೂ ತಪ್ಪದೆ ಎದ್ದು ನಿಂತದ್ದು ಮಾದರ ಓಣಿಯ ಹುಡುಗರ ಫೋಟೋಗಳಿಂದ.

“ಇನ್ನೊಂದು ಹಾದಿ ಅದ,” ಎಂದರು ವಸುಧಾ. “ಆಟಾನೂ ಸಾಕ್ಷಿನೇ. ಬಳಗದೊಳಗಿನವರು ಆಡಿದ್ದನ್ನೆಲ್ಲ ಯಂತ್ರ ನೆನಪು ಅಂತ ಇಟಗೋತದ. ಅದರಾಗೂ ನೀವು ಆ ಊರಿನಾಗ ಹುಟ್ಟಿದವರು. ನಲವತ್ತು ಸಾವಿರ ಮಂದಿ ಆಡಿದ್ದಕ್ಕಿಂತ ನೀವು ಒಬ್ಬರು ಆಡಿದ್ದಕ್ಕ ತೂಕ ಜಾಸ್ತಿ. ಆದ್ರ ಅತಿಥಿ ಆಗಿ ನಡೆಯೂದಿಲ್ಲ. ಪಾತ್ರ ಬೇಕು.”

ಹಾಗೆ ಹುಲಿಗೆಮ್ಮ ತನ್ನ ಊರಿಗೆ ತಾನೇ ಅರ್ಜಿ ಹಾಕಿದಳು. ಕಾರಣ ಕೇಳಿದ ಜಾಗದಲ್ಲಿ ತಾಯಿಯ ಹೊಸ್ತಿಲ ಆಸೆಯನ್ನು ಬರೆದಳು.

ಬಳಗವನ್ನು ನಡೆಸುವವರು ತಮ್ಮನ್ನು ಪಂಚರು ಎಂದು ಕರೆದುಕೊಳ್ಳುತ್ತಿದ್ದರು. ಬಜಾರದ ಕಟ್ಟೆಯ ಮೇಲೆ ಪರೀಕ್ಷೆ. ನಡುವೆ ಕೂತವನು ರುದ್ರಗೌಡನ ಪಾತ್ರದವನು. ದಪ್ಪ ಮೀಸೆ, ಜರಿ ರುಮಾಲು. ಪ್ರತಿ ಮಾತಿನ ತುದಿಗೂ ‘ಐತಿ’ ಅಂಟಿಸಿದರೆ ಬೀಳಹಾಳದವನಾಗುತ್ತೇನೆಂದು ನಂಬಿದ್ದ.

“ನಿನ್ನ ಮಾತು ನಮ್ಮೂರಿಂದಲ್ಲ ಐತಿ,” ಎಂದ. ಯಂತ್ರವೂ ಹೌದೆಂದಿತು. ಅದು ಮಾತು ಕಲಿತದ್ದು ಬಜಾರದವರಿಂದ.

ಪಂಚರು ತಲೆಗೆ ತಲೆ ಕೊಟ್ಟು ಮಾತಾಡಿಕೊಂಡರು. ಗೌಡನ ಮಗಳ ಮದುವೆ ಮುಂದಿತ್ತು, ವರ್ಷದ ದೊಡ್ಡ ಆಟ ಅದು. ನೋಡಲು ಲಕ್ಷಗಟ್ಟಲೆ ಅತಿಥಿಗಳು ಬರುವವರಿದ್ದರು.

“ಒಂದು ಪಾತ್ರ ಖಾಲಿ ಐತಿ. ಮೆರವಣಿಗಿ ಮುಂದ ಹಲಗಿ ಬಾರಿಸೂದು.”

“ನಮ್ಮೊಳಗ ಹೆಂಗಸರು ಹಲಗಿ ಹಿಡೀತಿದ್ದಿಲ್ರೀ.”

“ಆಟದಾಗ ಯಾರು ಯಾವ ಪಾತ್ರ ಬೇಕಾದ್ರೂ ಮಾಡಬಹುದು ಐತಿ.”

“ಹಂಗಾದ್ರ ನಾ ಗೌಡ್ತಿ ಆಗ್ತೀನಿ ತಗೋರಿ.”

“ಅದು ಭರ್ತಿ ಆಗೈತಿ.”

ಗುಂಪು ನಕ್ಕಿತು. ಹುಲಿಗೆಮ್ಮನೂ ನಕ್ಕಳು, ಒಳಗೆ ಹೋಗಬೇಕಿತ್ತಲ್ಲ. “ಹಲಗಿ ಬಾರಿಸಾಕಿ ಮನಿ ಎಲ್ಲೈತ್ರೀ?” ಎಂದು ಕೇಳಿದಳು.

“ಮನಿ ಇಲ್ಲ. ಊರ ಹೊರಗಿಂದ ಬರ್ತಾಳ, ಬಾರಿಸ್ತಾಳ, ಅಗಸಿ ದಾಟಿ ಹೊರಗ ಹೋಗ್ತಾಳ.”

ಸುದ್ದಿ ಕೇಳಿ ದ್ಯಾಮವ್ವ ಎಲೆಯ ಚಂಚಿಯನ್ನು ಬಾಗಿಲಿಗೆ ಎಸೆದಳು. “ಹಲಗಿ ಹಿಡೀತೀಯಾ? ನೀ ಹುಟ್ಟೂಕಿಂತ ಮೊದಲ ನಿಮ್ಮಜ್ಜ, ನಿಮ್ಮ ದೊಡ್ಡಪ್ಪ ಎಲ್ಲಾರೂ ಬೇವಿನ ಗಿಡದ ಬುಡಕ ಕೂಡಿ ಇನ್ನ ಬಾರಸಂಗಿಲ್ಲ ಅಂದಾವ್ರು. ಒಂದು ವರ್ಷ ಊರಾಗ ನಮಗ ಕೂಲಿ ಇಲ್ಲ, ಕಿರಾಣಿ ಇಲ್ಲ. ಆ ವರ್ಷ ನಾವು ಏನ ತಿಂದ್ವಿ ಅಂತ ಎಂದಾರ ಕೇಳೀಯೇನು?”

“ಒಳಗ ಹೋಗಾಕ ಬ್ಯಾರೆ ಬಾಗಲಾ ಇಲ್ಲಬೇ. ಮೊದಲ ಕಾಲಿಡೂಣು. ಆಮ್ಯಾಲ ಮನಿ ಕೇಳೂಣು.”

“ನಿಮ್ಮಜ್ಜಗೂ ಹಿಂಗ ಹೇಳಿದ್ರು,” ಎಂದಳು ಮುದುಕಿ. ಗೋಡೆಯ ಕಡೆ ಹೊರಳಿ ಮಲಗಿದಳು. ಆದರೆ ಮದುವೆಯ ದಿನ ತಾನಾಗಿಯೇ ತಲೆ ಮುಂದೊಡ್ಡಿ ಪಟ್ಟಿ ಕಟ್ಟಿಸಿಕೊಂಡಳು.

ತಾಯಿ ಮಗಳು ಚಾಪೆಯ ಮೇಲೆ ಒತ್ತಿ ಕೂತು ಒಳಗೆ ಹೋದರು. ದ್ಯಾಮವ್ವ ಅತಿಥಿ. ಗದ್ದಲವಾದೀತೆಂದು ಆ ದಿನ ಅತಿಥಿಗಳ ದನಿ ಮುಚ್ಚಿದ್ದರು, ಅವಳ ಮಾತು ಆಟದೊಳಗೆ ಯಾರಿಗೂ ಕೇಳಿಸದು. ಅಗಸಿಯ ಬಳಿ ಸಾರೋಟು ಸಿದ್ಧವಾಗಿತ್ತು. ಎಷ್ಟೋ ದೇಶಗಳ ಮಂದಿ ಇಳಕಲ್ ಸೀರೆ, ಧೋತರ ಉಟ್ಟು ನೆರೆದಿದ್ದರು. ಹುಲಿಗೆಮ್ಮನ ಕೊರಳಿಗೆ ಹಲಗೆ ಬಂದು ಬಿತ್ತು. ಯಂತ್ರ ಅದನ್ನು ಬಹಳ ಚೆನ್ನಾಗಿ ಮಾಡಿತ್ತು. ಬೆಂಕಿಗೆ ಕಾಯಿಸಿದ ಚರ್ಮದ ಬಿಸಿ ಎದೆಗೆ ತಾಗಿತು. ಹಲಗೆಗೆ ಮೂರು ಸಾಕ್ಷಿ ಸಿಕ್ಕಿದ್ದವು, ಬಾರಿಸುವವರಿಗೆ ಸಿಕ್ಕಿರಲಿಲ್ಲ.

ಕೋಲು ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಬೀಳಹಾಳದಲ್ಲಿ ಹುಟ್ಟಿದವಳು, ಮಾದರ ಓಣಿಯವಳು, ಎಲ್ಲರೆದುರು ಹಲಗೆ ಬಾರಿಸಿ ಹೊರಗೆ ನಡೆದುಹೋದಳು ಎಂದು ಯಂತ್ರ ಇನ್ನೊಂದು ಗಳಿಗೆಗೆ ನೆನಪಿಟ್ಟುಕೊಳ್ಳುತ್ತದೆ. ಆ ಊರಿನಲ್ಲಿ ಓಣಿಯವರು ಇರಲೇ ಇಲ್ಲ ಎಂಬುದಕ್ಕೆ, ಯಾವತ್ತೂ ಹಲಗೆ ಬೇಡ ಅನ್ನಲಿಲ್ಲ ಎಂಬುದಕ್ಕೆ, ಅವಳಿಗಿಂತ ದೊಡ್ಡ ಸಾಕ್ಷಿ ಇನ್ನು ಬೇಕಾಗುವುದಿಲ್ಲ. ನಾಳೆ ಶಾಲೆಯ ಮಕ್ಕಳನ್ನು ಇಲ್ಲಿಗೇ ಕರೆತಂದು ಬೀಳಹಾಳ ಹೀಗಿತ್ತು ಎಂದು ತೋರಿಸುತ್ತಾರೆ.

“ಬಾರಸವಾ,” ಎಂದ ರುದ್ರಗೌಡ.

“ನನ್ನ ಮನಿ ಎಲ್ಲೈತಿ ಹೇಳ್ರಿ. ಆಮ್ಯಾಲ ನೋಡೂಣು.”

ಸಾರೋಟಿನ ಕುದುರೆ ಕಾಲು ಕೆದರಿತು. ಮೀಸೆಯ ಮೇಲಿನ ನಗೆ ಕದಲಲಿಲ್ಲ, ಆದರೆ ಅವಳ ಕಿವಿಯೊಳಗೆ ಅವಳಿಗೊಬ್ಬಳಿಗೇ ಕೇಳುವಂತೆ ಬೇರೆಯೇ ದನಿ ಬಂತು. ಅದು ಮೈಸೂರಿನ ಕಡೆಯ ಮಾತು, ನಯವಾದದ್ದು. “ನೋಡಿ ಮೇಡಂ, ಪಾತ್ರ ಬಿಡಬೇಡಿ. ಎಲ್ಲ ನಿಂತುಹೋಗಿದೆ. ಇವತ್ತೊಂದು ದಿನ ಬಾರಿಸಿಬಿಡಿ, ಅಗಸಿ ಆಚೆ ನಿಮಗೊಂದು ಗುಡಿಸಲು ಕೊಡಿಸೋ ಜವಾಬ್ದಾರಿ ನಂದು. ನಿಮ್ಮ ತಾಯಿ ಬಂದು ಕೂತ್ಕೋಬಹುದು. ಇಲ್ಲಾಂದ್ರೆ ನಿಮ್ಮಿಬ್ಬರಿಗೂ ಕಾಯಂ ಬಾಗಿಲು ಮುಚ್ಚುತ್ತೆ. ಅವರ ವಯಸ್ಸಾದ್ರೂ ನೋಡಿ.”

ಅವಳು ಗುಂಪಿನಲ್ಲಿ ತಾಯಿಯನ್ನು ಹುಡುಕಿದಳು. ದ್ಯಾಮವ್ವ ಅತಿಥಿಗಳ ನಡುವೆ ಕಣ್ಣು ಅಗಲಿಸಿ ನಿಂತಿದ್ದಳು. ಆರು ವರ್ಷದ ಮೇಲೆ ಬಂದ ನೋಟ ಅದು. ಅಗಸಿಯನ್ನು, ಹೊಳೆಯನ್ನು, ಜಾಲಿಕಂಟಿಯನ್ನು ಒಂದೊಂದಾಗಿ ನೋಡುತ್ತಿದ್ದಳು. ಪಟ್ಟಿ ಬಿಚ್ಚಿದರೆ ಇಷ್ಟೂ ಇಲ್ಲ. ಅಷ್ಟರಲ್ಲಿ ಹುಬ್ಬಳ್ಳಿಯ ಆ ಕೋಣೆಯಲ್ಲಿ, ಚಾಪೆಯ ಮೇಲೆ, ಒಂದು ಒಣಗಿದ ಕೈ ತಡಕಾಡುತ್ತ ಬಂದು ಹುಲಿಗೆಮ್ಮನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಬೇಡ ಎನ್ನುವಂತೆ ಕೆಳಗೆ ಒತ್ತಿತು.

“ನಾ ಪಾತ್ರ ಬಿಟ್ಟಿಲ್ರೀ,” ಎಂದಳು ಹುಲಿಗೆಮ್ಮ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. “ಬೀಳಹಾಳದ ಮಾದರ ಓಣಿಯಾಕಿ ಹೆಂಗಿರಬೇಕೋ ಹಂಗ ಅದೀನಿ.”

ಸಾರೋಟಿನ ಮುಂದೆ ಜನ ಗುಜುಗುಜು ಶುರುಮಾಡಿದರು. ರುದ್ರಗೌಡನ ಮೀಸೆ ನಡುಗಿತು. ಈಗ ಅವನ ಬಾಯಲ್ಲಿ ‘ಐತಿ’ಯೂ ಇಲ್ಲ, ಮೇಡಮ್ಮೂ ಇಲ್ಲ.

“ಏಯ್, ಬಾರಿಸೇ!”

“ಬಾರಸಂಗಿಲ್ಲ.”