ಹದಿನಾರು ಡಿಗ್ರಿ

ಮಂಗಳವಾರ ಮಧ್ಯಾಹ್ನ 2.10ಕ್ಕೆ ಠಾಣೆಗೆ ದೂರು ಬಂತು. ಕೊಟ್ಟವನು ಕಾಣೆಯಾದವನ ತಮ್ಮ. ಪಕ್ಕದ ಕುರ್ಚಿಯಲ್ಲಿ ಅವನ ಅತ್ತಿಗೆ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಬಾಯಿಗೆ ಬೀಗ ಹಾಕಿಕೊಂಡವಳಂತೆ ಕೂತಿದ್ದಳು. ಅಣ್ಣ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕ. ಸೋಮವಾರ ಬೆಳಗ್ಗೆಯಿಂದ ಕೆಲಸಕ್ಕೆ ಹೋಗಿಲ್ಲ, ಫೋನ್ ಮನೆಯಲ್ಲೇ ಇದೆ, ಚಪ್ಪಲಿಯೂ ಮನೆಯಲ್ಲೇ ಇದೆ.

ಕಾಣೆಯಾದವರ ಎಫ್‌ಐಆರ್ 2.35ಕ್ಕೆ ದಾಖಲಾಯಿತು. ಪ್ರತಿಯೊಂದಕ್ಕೂ ಹೊತ್ತು ಬರೆದಿಡುವ ಇನ್ಸ್‌ಪೆಕ್ಟರ್‌ಗೆ ಠಾಣೆಯವರು ಬೆನ್ನ ಹಿಂದೆ ‘ಗಡಿಯಾರ’ ಎನ್ನುತ್ತಿದ್ದರು. ಅವರಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಆದರೆ ಈಗ ಅವರ ತಲೆ ಕೊರೆಯುತ್ತಿದ್ದುದು ಚಪ್ಪಲಿ. ಬರಿಗಾಲಲ್ಲಿ ಮನೆ ಬಿಡುವ ಮನುಷ್ಯ ಬಹಳ ದೂರ ಹೋಗುವುದಿಲ್ಲ.

3.20ಕ್ಕೆ ದಫೇದಾರರ ಜೊತೆ ಮನೆ ಹೊಕ್ಕರು. ಹಾಡಹಗಲೇ ದೀಪ ಉರಿಯುತ್ತಿತ್ತು. ಬಿಸಿಲು ಬೀಳುವ ಕಡೆಯ ಕಿಟಕಿಗಳಿಗೆಲ್ಲ ಹಲಗೆ ಬಡಿದಿತ್ತು. ಇನ್ಸ್‌ಪೆಕ್ಟರ್ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು.

ಇದೆಲ್ಲ ಮೆಟ್ಟಿಲ ಕೆಳಗಿನ ಕೋಣೆಗಾಗಿ ಎಂದು ತಮ್ಮ ವಿವರಿಸಿದ. ಎಂಟು ವರ್ಷದ ಹಿಂದೆ ಅಣ್ಣ ಆರೇ ಆರು ಬಾಟಲಿ ಗಡುಸಾದ ಕಪ್ಪು ಬಿಯರ್ ತಂದಿಟ್ಟು ಶುರು ಮಾಡಿದ್ದ. ಅದು ಹಳತಾದಷ್ಟೂ ಹದವಾಗುತ್ತದಂತೆ. ತಾಪಮಾನ ಏರಬಾರದು, ಇಳಿಯಬಾರದು. ಬಾಟಲಿ ಮಲಗಿಸಬಾರದು, ತಳದ ಗಸಿ ಕದಡಬಾರದು. ಅದಕ್ಕೇ ಮನೆಯಲ್ಲಿ ಯಾರೂ ಜೋರಾಗಿ ಕಾಲಿಡುವ ಹಾಗಿರಲಿಲ್ಲ. ಈಗ ನೂರ ಅರವತ್ತು ಬಾಟಲಿಗಳಿದ್ದವು. ಆರಿಂದ ನೂರ ಅರವತ್ತಾಗುವಷ್ಟರಲ್ಲಿ ಮನೆಯೇ ನೆಲಮಾಳಿಗೆಯಾಗಿಬಿಟ್ಟಿತ್ತು.

ಕೋಣೆಯ ದಪ್ಪ ಬಾಗಿಲಿಗೆ ಹೊರಗಿನಿಂದ ಚಿಲಕ, ಅದಕ್ಕೊಂದು ಬೀಗ. ಬೀಗದ ಕೈ ಅವರ ಹತ್ತಿರವೇ ಇರುತ್ತದೆ ಎಂದಳು ಹೆಂಡತಿ. ದಫೇದಾರರು ಬಾಗಿಲು ಬಡಿದರು. ಥರ್ಮಾಕೋಲ್ ತುಂಬಿದ ಬಾಗಿಲು ಸದ್ದನ್ನೆಲ್ಲ ನುಂಗಿಕೊಂಡಿತು.

ಬಾಗಿಲ ಪಕ್ಕ ಒಳಗಿನ ತಾಪಮಾನ ತೋರಿಸುವ ಪುಟ್ಟ ಯಂತ್ರ, ಅದರ ಕೆಳಗೆ ಮೊಳೆಗೆ ನೇತುಹಾಕಿದ ನೋಟ್‌ಬುಕ್. ದಿನಕ್ಕೆರಡು ಸಲ, ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ, ತಪ್ಪದೆ ಬರೆದಿತ್ತು. ತನ್ನಂಥವನೇ ಒಬ್ಬ ಸಿಕ್ಕನೆಂದು ಇನ್ಸ್‌ಪೆಕ್ಟರ್ ಆಸೆಯಿಂದ ಪುಟ ತಿರುವಿದರು. ಪುಟದ ತುಂಬ ಹನ್ನೆರಡು, ಹನ್ನೆರಡು. ಸೋಮವಾರ ಬೆಳಗ್ಗೆಯೂ ಹನ್ನೆರಡೇ, ಅದೇ ಓರೆ ಅಕ್ಷರ. ಸೋಮವಾರ ಸಂಜೆ ಹದಿನಾಲ್ಕು. ಮಂಗಳವಾರ ಬೆಳಗ್ಗೆ ಹದಿನೈದು. ಆ ಎರಡು ಮಾತ್ರ ದುಂಡಗೆ, ಬೇರೆ ಕೈಯವು. ಯಂತ್ರ ಈಗ ಹದಿನಾರು ತೋರಿಸುತ್ತಿತ್ತು.

“ಇದನ್ನ ಬರೆದಿದ್ದು ಯಾರಮ್ಮ?”

“ನಾನೇ. ಅವರಿಲ್ಲದಾಗ ನಾನೇ ಬರೀಬೇಕು.”

“ಎಂಟು ವರ್ಷ ಏರದ ಬಿಸಿ ನಿನ್ನೆಯಿಂದ ಯಾಕೆ ಏರ್ತಿದೆ?”

ಅವಳು ಪುಟ ನೋಡಿದಳು. ತಾನೇ ಬರೆದದ್ದನ್ನು ಈಗಷ್ಟೇ ಓದುತ್ತಿರುವವಳ ಹಾಗಿತ್ತು ಮುಖ. ಕೋಣೆ ತಂಪಿಡುವ ಯಂತ್ರ ಓಡುತ್ತಲೇ ಇತ್ತು. ಮುಚ್ಚಿದ ಕೋಣೆ ತಾನಾಗಿ ಬಿಸಿಯಾಗುವುದಿಲ್ಲ, ಒಳಗೆ ಬಿಸಿ ಮೈ ಇರಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಇನ್ಸ್‌ಪೆಕ್ಟರ್ ಕೈ ಚಾಚಿದರು. ಅವಳು ಕೈಚೀಲದಿಂದ ಬೀಗದ ಕೈ ತೆಗೆದು ಕೊಟ್ಟಳು.

3.52ಕ್ಕೆ ಬಾಗಿಲು ತೆರೆಯಿತು. ಗಂಡ ನೆಲದ ಮೇಲೆ ಗೋಡೆಗೊರಗಿ ಕೂತಿದ್ದ. ತುಟಿ ಒಡೆದಿತ್ತು, ಉಸಿರಾಡುತ್ತಿದ್ದ. ಗಾಳಿಗೆಂದು ಬಿಟ್ಟ ಒಂದು ಕೊಳವೆ ಅವನನ್ನು ಉಳಿಸಿತ್ತು. ಸುತ್ತ ನೂರ ಅರವತ್ತು ಬಾಟಲಿ, ಒಂದರ ಮುಚ್ಚಳವೂ ತೆರೆದಿರಲಿಲ್ಲ.

“ಮೂವತ್ಮೂರು ಗಂಟೆ ಬಾಯಾರಿಕೊಂಡು ಕೂತಿದ್ರಲ್ಲ ಸ್ವಾಮಿ, ಒಂದು ಬಾಟ್ಲಿ ತೆಗೀಬಾರದಿತ್ತಾ?” ದಫೇದಾರರು ನೀರು ಕುಡಿಸುತ್ತ ಕೇಳಿದರು.

“ಯಾವುದಕ್ಕೂ ಇನ್ನೂ ದಿನ ಬಂದಿಲ್ಲ,” ಎಂದ ಆತ.

ಆಂಬುಲೆನ್ಸ್ ಹೋದ ಮೇಲೆ ತಮ್ಮನನ್ನೂ ಪಕ್ಕದ ಮನೆಯಾಕೆಯನ್ನೂ ಸಾಕ್ಷಿಗೆ ನಿಲ್ಲಿಸಿ ಪಂಚನಾಮೆ ನಡೆಯಿತು. ಬೀಗ, ಬೀಗದ ಕೈ, ನೋಟ್‌ಬುಕ್ ವಶಕ್ಕೆ ಬಂದವು. ಮೇಲಿನ ಹಲಗೆಯ ಒಂದು ಬಾಟಲಿಗೆ ‘ಮದುವೆಯ ಇಪ್ಪತ್ತೈದನೇ ವರ್ಷಕ್ಕೆ’ ಎಂಬ ಚೀಟಿ ಅಂಟಿಸಿತ್ತು. ಅದರ ತಾರೀಖನ್ನು ಎರಡು ಸಲ ಹೊಡೆದುಹಾಕಿ ಮುಂದಕ್ಕೆ ತಳ್ಳಿದ್ದ.

ಕೇಳಿದ್ದಕ್ಕೆಲ್ಲ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಆ ಬಾಟಲಿ ತೆಗೆದ ದಿನ ಅಕ್ಕನ ಊರಿಗೆ ಕರೆದೊಯ್ಯುತ್ತೇನೆ ಎಂದು ಗಂಡ ಹೇಳಿದ್ದ. ಕರೆಂಟ್ ಹೋದರೆ ತಂಪಿನ ಯಂತ್ರ ನೋಡುವವರು ಬೇಕೆಂದು ಅವಳನ್ನು ಒಬ್ಬಳೇ ಕಳಿಸುವ ಮಾತೂ ಇರಲಿಲ್ಲ. ಎಂಟು ವರ್ಷ ಅಕ್ಕನ ಮುಖ ನೋಡಿರಲಿಲ್ಲ. ಸೋಮವಾರ ಬೆಳಗ್ಗೆ ಕೇಳಿದಾಗ, ಇನ್ನೆರಡು ವರ್ಷ ಇರಲಿ, ಹದ ಬರಲಿ ಎಂದು ಒಳಗೆ ಹೋದ. ಬೀಗದ ಕೈ ಬೀಗದಲ್ಲೇ ಇತ್ತು, ಅವಳು ಚಿಲಕ ಎಳೆದು ಬೀಗ ಜಡಿದಳು.

“ಕಾಯೋದು ಅಂದ್ರೆ ಏನೂಂತ ಅವರಿಗೂ ಗೊತ್ತಾಗ್ಲಿ ಅನ್ನಿಸ್ತು. ಸಂಜೆ ತೆಗೆಯೋಣ ಅಂದ್ಕೊಂಡೆ. ಸಂಜೆ ಬಂದ್ಮೇಲೆ ಬೆಳಗ್ಗೆ ತೆಗೆಯೋಣ ಅಂದ್ಕೊಂಡೆ.”

ಅಕ್ರಮ ಬಂಧನದ ಆರೋಪದ ಮೇಲೆ ಸಂಜೆ 5.40ಕ್ಕೆ ಅವಳನ್ನು ದಸ್ತಗಿರಿ ಮಾಡಲಾಯಿತು. ಜೀಪು ಹತ್ತುವ ಮುಂಚೆ ಅವಳು ಒಂದೇ ಒಂದು ಮಾತು ಕೇಳಿದಳು.

“ಅಲ್ಲಿ ನನ್ನ ಕೂರಿಸೋ ರೂಮಿಗೆ ಕಿಟಕಿ ಇದ್ಯಾ ಸರ್?”

“ಇದೆ.”

“ತೆಗೀಬಹುದಾ?”

ಹದಿನೇಳು ವರ್ಷದ ನೌಕರಿಯಲ್ಲಿ ಆ ಕಿಟಕಿ ತೆರೆದದ್ದನ್ನು ಇನ್ಸ್‌ಪೆಕ್ಟರ್ ನೋಡಿರಲಿಲ್ಲ. ಠಾಣೆ ಮುಟ್ಟಿದೊಡನೆ, ಡೈರಿ ಬರೆಯುವುದನ್ನೂ ಬಿಟ್ಟು, ತಾವೇ ಸುತ್ತಿಗೆ ಹುಡುಕಿಕೊಂಡು ಹೋದರು. ಕಂಬಿ ಹಾಗೇ ಉಳಿಯಿತು. ತುಕ್ಕು ಹಿಡಿದ ಕದ ನಾಲ್ಕನೇ ಏಟಿಗೆ ತೆರೆಯಿತು.