ನಾಲ್ಕೂರ ಉಡಿ

“ನಾಲ್ಕು ಊರ ಉಡಿ ತುಂಬಿಸ್ಕೊಂಡು ಬಾ ನನ್ನವ್ವಾ. ಐದನೇದು ನಾ ತುಂಬತೇನಿ. ಐದೂ ಕೂಡಿಸಿ ಹುಗ್ಗಿ ಮಾಡೂಣು,” ಎಂದು ಹೇಳಿ ಗುರುಸಿದ್ದವ್ವ ಸೊಸೆಯ ಹಣೆಗೆ ವಿಭೂತಿ ಹಚ್ಚಿ ಕಳಿಸಿದ್ದಳು.

ಸೊಸೆ ನೀಲಕ್ಕನ ಬಸಿರು ಎರಡು ಸಲವೂ ನಿಂತಿರಲಿಲ್ಲ. ಮನೆಯಲ್ಲಿ ಅವಳಿಗೆ ಯಾರೂ ಒಂದು ಮಾತು ಅಂದವರಲ್ಲ. ಆದರೂ ಅವಳು ನಗುವುದನ್ನೇ ಬಿಟ್ಟಿದ್ದಳು. ಮಳಗಿ ಊರಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಗಂಡ ಅಂದಾನೆಪ್ಪ ಒಂದು ದಿನ ಅಂಗಡಿಗೆ ಬೀಗ ಹಾಕಿದ. ಕ್ಯಾರಿಯರಿಗೆ ಕೌದಿ ಮಡಚಿ ಕಟ್ಟಿದ. “ಹತ್ತಿ ಕುಂದ್ರು. ಗೋವಾದ ಗಡಿ ತನಕ ಹೋಗಿ ಬರೂಣು,” ಎಂದ.

ಹಾಗೆ ಹೊರಟವರು ಹಳಿಯಾಳ, ದಾಂಡೇಲಿ, ಜೋಯಿಡಾ ದಾಟಿ ಅನಮೋಡ ಮುಟ್ಟಿ, ಈಗ ಅದೇ ಹಾದಿಯಲ್ಲಿ ತಿರುಗಿ ಬರುತ್ತಿದ್ದರು. ಇಳಿದುಕೊಂಡ ಮನೆಗಳಲ್ಲೆಲ್ಲ ಹೆಂಗಸರು ಅವಳ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲದ ಅಚ್ಚು ಹಾಕಿ ಉಡಿ ತುಂಬಿದ್ದರು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಕೆಲಸಗಾರನ ಹೆಂಡತಿ ಗೋದುಬಾಯಿ ಹೋಳಿಗೆ ಮಾಡಿ ಹಾಕಿದ್ದಳು. ಅನಮೋಡದ ಗಿರಿಜಾಬಾಯಿ ಕೊಂಕಣಿಯಲ್ಲಿ ಏನು ಹೇಳಿದಳೋ ನೀಲಕ್ಕನಿಗೆ ತಿಳಿಯಲಿಲ್ಲ. ಸೆರಗು ಒಡ್ಡು ಎಂದು ಕೈ ಮಾಡಿದಾಗ ತಿಳಿಯಿತು. ಉಡಿಯ ಅಕ್ಕಿಯನ್ನು ಹಾದಿಯಲ್ಲಿ ಬೇಯಿಸಬಾರದು, ಒಗೆಯಬಾರದು, ಮನೆಗೇ ಒಯ್ಯಬೇಕು. ನೀಲಕ್ಕ ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ಗಂಟು ಕಟ್ಟಿ, ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಹೋಗುವಾಗ ಒಬ್ಬಾಕಿ ಇದ್ದಿ. ಬರುವಾಗ ಇಬ್ಬರ ಭಾರ ಆಗೇತಿ,” ಎಂದ ಅಂದಾನೆಪ್ಪ ಏದುತ್ತ.

“ಗೋದುಬಾಯಿ ಮನ್ಯಾಗ ನೀವು ತಿಂದ ಹೋಳಿಗಿ ಭಾರ ಅದು. ತುಳೀರಿ.”

ಹಳಿಯಾಳ ಹಿಂದಾಗಿ ಮುಂಡಗೋಡದ ಕಡೆಯ ಕಾಡು ಸುರುವಾಗಿತ್ತು. ಹಾದಿಯ ಎರಡೂ ಕಡೆ ತೇಗದ ಎಲೆಗಳು ಹಪ್ಪಳದಂತೆ ಒಣಗಿ ನಿಂತಿದ್ದವು. ಬಿದಿರಿನ ಮೆಳೆಗಳ ನಡುವೆ ಇಳಿಹೊತ್ತಿನ ಬಿಸಿಲು ಅಲ್ಲೊಂದು ಇಲ್ಲೊಂದು ತೇಪೆ ಹಾಕಿದಂತೆ ಬಿದ್ದಿತ್ತು. ಗಾಳಿ ಬಂದಾಗ ಕಾಡಿನಾಚೆಯ ಗದ್ದೆಗಳಿಂದ ಹಣ್ಣಾದ ಭತ್ತದ ವಾಸನೆ ಬರುತ್ತಿತ್ತು. ಆ ವಾಸನೆ ಹಿಡಿದವರು ಇವರಿಬ್ಬರೇ ಆಗಿರಲಿಲ್ಲ.

ಇಳಿಜಾರಿನ ತಿರುವಿನಲ್ಲಿ ಅಂದಾನೆಪ್ಪ ಎರಡೂ ಬ್ರೇಕು ಹಿಡಿದ. ಸೈಕಲ್ ಜಾರಿ ಅಡ್ಡ ನಿಂತಿತು.

ಹಾದಿಯ ನಡುವೆ ಒಂದು ಆನೆಮರಿ ಇತ್ತು.

ಬಲಕ್ಕೆ, ಬಿದಿರಿನೊಳಗೆ ತಾಯಿ. ಹಿಂದೆ, ಇವರು ಆಗಷ್ಟೇ ದಾಟಿದ ಹಳ್ಳದ ಹತ್ತಿರ, ಟೊಂಗೆಗಳು ಲಟಲಟ ಮುರಿದವು. ಅಲ್ಲಿಯೂ ಆನೆಗಳು. ತಿರುಗಿ ಹೋಗುವ ಹಾದಿ ಇರಲಿಲ್ಲ.

ಮರಿ ಸೊಂಡಿಲು ಎತ್ತಿ ಮೂಸಿತು. ಒಂದು ಹೆಜ್ಜೆ ಮುಂದೆ ಬಂತು. ತಾಯಿ ಕಿವಿ ಅಗಲಿಸಿ ನೆಲ ಒದ್ದಿತು.

“ಬೆಲ್ಲದ ವಾಸನಿ ಹಿಡದೈತಿ,” ಅಂದಾನೆಪ್ಪ ಪಿಸುಗುಟ್ಟಿದ. “ಗಂಟು ಒಗಿ, ನೀಲಾ.”

“ಉಡಿ ಒಗೀಬಾರದ್ರಿ.”

“ಜೀವ ಇದ್ದರ ಮತ್ತ ತುಂಬಿಸೂಣು. ಒಗಿ.”

ನೀಲಕ್ಕ ಗಂಟನ್ನು ಇನ್ನಷ್ಟು ಬಿಗಿಯಾಗಿ ತಬ್ಬಿದಳು. ಮರಿ ಇನ್ನೊಂದು ಹೆಜ್ಜೆ ಇಟ್ಟಿತು. ಆಗ ಅವಳು ತಾಯಿ ಆನೆಯನ್ನು ನೋಡಿದಳು. ಅದರ ಕಣ್ಣು ಇವರ ಮೇಲೆ ಇರಲಿಲ್ಲ. ಮರಿಯ ಮೇಲಿಂದ ಅದು ಕದಲಲೇ ಇಲ್ಲ.

ಅವಳು ಮೆಲ್ಲಗೆ ಇಳಿದಳು. ಗಂಡ ರಟ್ಟೆ ಹಿಡಿಯಲು ಕೈ ಚಾಚಿದ, ಸಿಗಲಿಲ್ಲ. ಹಾದಿಯ ಎಡಕ್ಕೆ ಕೂತು ಗಂಟು ಬಿಚ್ಚಿ, ಮುತ್ತೈದೆಯ ಮುಂದೆ ಇಡುವಂತೆ ಬಟ್ಟೆ ಹಾಸಿ, ಕಾಯಿ, ಬೆಲ್ಲ, ಅಕ್ಕಿ ಸರಿಮಾಡಿ ಇಟ್ಟಳು. ಒಗೆಯಲಿಲ್ಲ. ಬೆನ್ನು ತೋರಿಸದೆ ಹಿಂದಕ್ಕೆ ಸರಿದಳು.

ಮರಿ ಬೆಲ್ಲಕ್ಕೆ ಸೊಂಡಿಲು ಹಾಕಿತು. ತಾಯಿ ಹೊರಗೆ ಬಂದು ಮರಿಯನ್ನು ಕಾಲುಗಳ ನಡುವೆ ಎಳೆದುಕೊಂಡಿತು. ಮೂಸಿತು. ಕಾಯಿಯನ್ನು ಕಾಲಲ್ಲಿ ಒತ್ತಿ ಒಡೆಯಿತು.

“ಈಗ,” ಎಂದ ಅಂದಾನೆಪ್ಪ.

ಇಬ್ಬರೂ ಸೈಕಲ್ ಎತ್ತಿ ಬಲಗಡೆಯ ತಗ್ಗಿಗೆ ಇಳಿದರು. ಮುಳ್ಳು ಸೀರೆ ಹರಿಯಿತು, ಮೊಣಕೈ ಗೀರಿತು. ಆನೆಯ ಉಸಿರು ಕೇಳುವಷ್ಟು ಹತ್ತಿರದಲ್ಲೇ ಹಾದು, ತಿರುವಿನಾಚೆ ಹತ್ತಿ ಬಂಡೆಯೊಂದರ ಮರೆಗೆ ಕೂತರು. ಬಿದಿರು ಮುರಿಯುವ ಸದ್ದು ದೂರವಾಗಿ, ಕೊನೆಗೆ ನಿಂತಿತು.

ನೀಲಕ್ಕನಿಗೆ ಆಗ ಅಳು ಬಂತು. “ಅತ್ತಿಯವರಿಗೆ ಏನ್ ಹೇಳ್ಲಿ?”

ಅಂದಾನೆಪ್ಪ ಎದ್ದು, ಬಂದ ಹಾದಿಯಲ್ಲೇ ತಿರುಗಿ ನಡೆದ. ಅವಳು ಬೇಡವೆಂದರೂ ನಿಲ್ಲಲಿಲ್ಲ. ಇಣುಕಿ ನೋಡಿದರೆ, ಆನೆ ಹೆಜ್ಜೆಯ ಗುರುತಿನ ಮುಂದೆ ಮೊಣಕಾಲೂರಿ ಅವನು ಧೂಳಿನಿಂದ ಅಕ್ಕಿ ಆರಿಸುತ್ತಿದ್ದ. ಒಂದೊಂದೇ ಕಾಳು. ಊದುತ್ತಿದ್ದ, ಅಂಗೈಗೆ ಹಾಕಿಕೊಳ್ಳುತ್ತಿದ್ದ. ಮನೆಯಲ್ಲಿ ಊಟದ ಎಲೆಯನ್ನೂ ಎತ್ತದ ಗಂಡಸು.

ಬಂದವನು, “ಸೆರಗು ಒಡ್ಡು,” ಎಂದ. ಒಂದು ಹಿಡಿ ಅಕ್ಕಿ.

“ಇದು ಯಾವೂರದು?”

“ಒಂದ ಗಂಟಿನಾಗ ಎಲ್ಲಾ ಕಲಸಿದ್ದಿಯಲ್ಲಾ. ನಾಲ್ಕೂ ಊರು ಇದರಾಗ ಅದಾವು. ಸೈಕಲ್ ಹತ್ತು.”

ಮುಂಡಗೋಡ ದಾಟಿ ಮಳಗಿಯ ಮನೆ ಮುಟ್ಟಿದಾಗ ಗುರುಸಿದ್ದವ್ವ ಹೊಸ್ತಿಲಲ್ಲೇ ಕಾಯುತ್ತಿದ್ದಳು. ನೀಲಕ್ಕ ತಲೆ ತಗ್ಗಿಸಿ ಎಲ್ಲ ಹೇಳಿ ಸೆರಗಿನ ಗಂಟು ಬಿಚ್ಚಿದಳು. ಅತ್ತೆ ಅಕ್ಕಿಯಲ್ಲಿ ಬೆರಳಾಡಿಸಿದಳು.

“ಮರಿ ಹೊಟ್ಟಿತುಂಬ ತಿಂತೇನ?”

“ತಿಂತರೀ ಅತ್ತಿ.”

“ಒಂದು ತಾಯಿಗೆ ಉಡಿ ತುಂಬಿ ಬಂದಿ. ಛಲೋ ಆತು ಬಿಡು.” ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕಾಯಿ, ಬೆಲ್ಲ ತಂದು ಆ ಹಿಡಿ ಅಕ್ಕಿಯ ಮೇಲೆಯೇ ಐದನೆಯ ಉಡಿ ತುಂಬಿದಳು.

ಹುಗ್ಗಿ ಬೆಂದಿತು. ಮೊದಲ ತುತ್ತಿಗೇ ಅಂದಾನೆಪ್ಪನ ಹಲ್ಲಿನಡಿ ಕಟಕ್ ಎಂದಿತು.

“ಕಲ್ಲು ಐತಿ.”

“ಆನಿ ಊರಿಂದು ಇರಬೇಕು,” ಎಂದಳು ನೀಲಕ್ಕ. “ನೀವ ಆರಿಸಿ ತಂದದ್ದು. ಸುಮ್ನ ನುಂಗ್ರಿ.”

ಅಷ್ಟು ಹೇಳಿ ಅವಳಿಗೇ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿ ಹಿಡಿದರೂ ನಗು ನಿಲ್ಲಲಿಲ್ಲ. ಗುರುಸಿದ್ದವ್ವನ ಕೈಯ ಸೌಟು ಒಂದು ಗಳಿಗೆ ಹಾಗೆಯೇ ನಿಂತಿತು. ಆಮೇಲೆ ಅವಳು ಸೊಸೆಯ ತಾಟಿಗೆ ಇನ್ನೊಂದು ಸೌಟು ಹುಗ್ಗಿ ಬಡಿಸಿದಳು.