ಕೊಪ್ಪರಿಗಿ ಮುಟ್ಟಬ್ಯಾಡ್ರಿ

"ಮುಟ್ಟಬ್ಯಾಡ್ರೀ!"

ಚನ್ನಬಸವ್ವ ಬೆಚ್ಚಿ ಕೈ ಹಿಂದಕ್ಕ ಎಳಕೊಂಡ್ಳು. ಕೈಯಾಗಿನ ಬಳಿ ಬಡದು ತಾಮ್ರದ ಕೊಪ್ಪರಿಗಿ ಠಣ್ ಅಂತು. ಆ ಸಪ್ಪಳಕ್ಕ ಕೆರಿ ಆಚೆ ದಂಡ್ಯಾಗ ಮೇಯೋ ಎಮ್ಮಿಗೋಳು ಸಾಲಿ ಬಿಡ್ತು ಅಂತ ಮನಿ ಕಡೆ ನಡದ್ವು. ನೋಡಿದವರು ಅದಾರ.

ಪಡಸಾಲಿ ಕಂಬದ ಹಿಂದಿಂದ ಒಬ್ಬ ಬಂದ. ಬಿಳಿ ಅಂಗಿ, ಸೊಂಟದಾಗ ಕೀಲಿ ಗೊಂಚಲ. ದನಿ ಗಡಸು... ಕಣ್ಣು ಮಾತ್ರ ಮೆತ್ತಗ.

"ತಪ್ಪಾತ್ರಿ," ಅಂದ್ಳು.

ಅಯ್ಯ ಶಿವನ... ಇವರೇನು ಹುಡುಗ?

ಇವರ! ಮಹಾಂತಯ್ಯ.

ಅದು ಅರವತ್ತೆರಡನೇ ಇಸವಿ. ಧಾರವಾಡದ ಹೊರಗ ಒಂದು ಕೆರಿ, ಕೆರಿ ನಡುವ ನಡುಗಡ್ಡಿ, ಅದರ ಮ್ಯಾಲೆ ಹಳೇ ಮಠ, ಮಗ್ಗಲಕ ಕಲ್ಲಿನ ಗುಡಿ. ಸರಕಾರದವರು ಜಿಲ್ಲಾದಾಗಿನ ವೀರಗಲ್ಲು, ತಾಳೆಗರಿ ಎಲ್ಲಾ ತಂದಿಟ್ಟು ಅದಕ್ಕ ಮ್ಯೂಸಿಯಂ ಅಂದ್ರು. ಕಾಯಾಕ ಮಹಾಂತಯ್ಯ ಒಬ್ಬನ. ಅವಗ ರಜಾ ಇಲ್ಲ. ಹಂಗಾಗಿ ಹೆಣ್ಣ ಕಾಕಾನ ಜೋಡಿ ದೋಣಿ ಹತ್ತಿ ತೋರಿಸ್ಕೊಳ್ಳಾಕ ಬಂದಿತ್ತು.

ಹುಡುಗನ ತಾಯಿ ಬೈರಿದೇವರಕೊಪ್ಪದಾಗ ಮೊದಲ ಹೂಂ ಅಂದಿದ್ಲು. ಇನ್ನ ಹೆಣ್ಣಿನವರು ಕೊಟ್ಟ ಸಕ್ಕರಿ ಹುಡುಗ ಬಾಯಾಗ ಹಾಕ್ಕೊಂಡ್ರ ಒಪ್ಪಿದಂಗ. ಹಾಕ್ಕೊಳ್ಳಿಲ್ಲಂದ್ರ ಮುಗೀತು, ಕಾರಣ ಯಾರೂ ಕೇಳಂಗಿಲ್ಲ. ಅವರ ಮಂದಿ ಪದ್ಧತಿ ಅದು.

ಇವ ಬ್ಯಾಡ ಅಂದ್ರ, ಅವತ್ತ ಸಂಜಿಕ ಆಕಿ ಕಾಕಾ ಗುರುಸಿದ್ದಯ್ಯ ಹುಬ್ಬಳ್ಳಿಯ ಒಬ್ಬ ಹತ್ತಿ ದಲ್ಲಾಳಿಗೆ ಮಾತು ಕೊಡಾಂವ. ದಲ್ಲಾಳಿಗೆ ಎರಡನೇ ಲಗ್ನ. ಚನ್ನಬಸವ್ವ ಕಲಿಸೋ ವಿದ್ಯಾನಗರದ ಸಾಲ್ಯಾಗ ಅವನ ಮಗಳು ಓದ್ತಿದ್ಲು!

"ಇದರಾಗ... ಎಷ್ಟು ಮಂದಿಗೆ ಹುಗ್ಗಿ ಆಗ್ತಿತ್ರಿ?" ಆಕಿ ಅಂಜಿಕೋತ ಕೇಳಿದ್ಲು.

ಮಹಾಂತಯ್ಯನ ಮಾರಿ ಅರಳ್ತು. ಬಂದವರೆಲ್ಲ ತಿರುಗಿ ದೋಣಿ ಯಾವಾಗ ಅಂತ ಕೇಳೋರು. ಹುಗ್ಗಿ ಕೇಳಿದಾಕಿ ಈಕಿನ ಮೊದಲ!

"ಲೆಕ್ಕ ಇಲ್ರಿ. ಬೆಲ್ಲ ಕಲಸಾಕ ಇಳದಾಂವ ಒಬ್ಬ ಉಗಾದಿಗೆ ಮ್ಯಾಲೆ ಬಂದ ಅಂತಾರ."

ಆಕಿ ನಕ್ಕಳು. ಒಂದ ಗಳಿಗಿ ಇಬ್ಬರೂ ಕಣ್ಣು ಕೀಳಲಿಲ್ಲ...

ಒಳಗ, ವೀರಗಲ್ಲಿನ ಮುಂದ, ಕಾಕಾ ವಸ್ತ್ರದಾಗಿನ ಸಕ್ಕರಿ ಗಂಟು ಬಿಚ್ಚಿ ಕೈ ಚಾಚಿದ. "ಮನಸ್ಸಿಗೆ ಬಂದಿದ್ರ ತಗೋರಿ, ಮಹಾಂತಯ್ಯನವರ."

ಮಹಾಂತಯ್ಯ ಹೌಹಾರಿ ಆ ಕೈ ದೂಡಿದ! "ಒಳಗ ತಿನ್ನಂಗಿಲ್ರೀ! ಇರಿವಿ ತಾಳೆಗರಿಗೆ ಹತ್ತತಾವು! ಹೊರಗ ನಡೀರಿ, ಕೀಲಿ ಹಾಕಿ ಬಂದೆ."

"ಇರಿವಿ ನೆವ ಹೇಳ್ತಾನ! ನಡಿಯವ್ವ ಚನ್ನಿ." ಕಾಕಾ ಗಂಟು ಕಟ್ಟಿ ಮೆಟ್ಟಲ ಮ್ಯಾಲೆ ಒಗದ. ಆಕಿ ಅದನ್ನ ಆರಿಸಿ ಸೆರಗಿಗೆ ಕಟ್ಟಿಕೊಂಡ್ಳು. ಯಾಕಂತ ಆಕಿಗೂ ಗೊತ್ತಿಲ್ಲ.

ಕೊಪ್ಪರಿಗಿ ಮುಟ್ಟಿದ್ದಕ್ಕ ಸಿಟ್ಟು ಇರಬೇಕು... ನನ್ನ ಕೈಗೆ ಬೆಂಕಿ ಹಚ್ಚ!

ಮಹಾಂತಯ್ಯ ಕೀಲಿ ಹಾಕಿ, ಜಗ್ಗಿ ನೋಡಿ, ಮತ್ತೊಮ್ಮೆ ಜಗ್ಗಿ ನೋಡಿ ಹೊರಗ ಬರೂದ್ರಾಗ ಇದ್ದೊಂದು ದೋಣಿ ಹೋಗೇ ಬಿಟ್ಟಿತ್ತು.

ದೋಣ್ಯಾಗ ಚನ್ನಬಸವ್ವ ಸೆರಗಿನ ಗಂಟು ಹಿಚಕಿಕೋತ ಕುಂತಿದ್ಲು. ದಂಡಿ ಹತ್ರ ಬರಾಕತ್ತಿತ್ತು. ದಂಡಿ ಅಂದ್ರ ಸಂಜಿ... ಸಂಜಿ ಅಂದ್ರ ದಲ್ಲಾಳಿ...

ಹಿಂದ ಠಣ್ ಅಂತು.

ಮಹಾಂತಯ್ಯ ಕೊಪ್ಪರಿಗ್ಯಾಗ ಕುಂತು, ಮಠದ ದೊಡ್ಡ ಸೌಟಿಲೆ ನೀರು ತಳ್ಳಿಕೋತ ಬರಾಕತ್ತಿದ್ದ! ಒಂದು ಮಾರು ಮುಂದ ಬಂದ್ರ ಗಿರಗಿರ ಎರಡು ಸುತ್ತು. 'ಮುಟ್ಟಬ್ಯಾಡ್ರಿ' ಅನ್ನೋ ಬೋರ್ಡು ಅಂಚಿಗೆ ಇನ್ನೂ ಜೋತಾಡಾಕತ್ತಿತ್ತು.

"ಸಾಹೇಬ್ರಿಗೆ ಈಜ ಬರಂಗಿಲ್ಲರೀ!" ಅಂಬಿಗ ಗೌಸಸಾಬ ಒದರಿದ. "ಅದರ ತಳ ಬ್ಯಾರೆ ತೂತು!"

"ದೋಣಿ ತಿರುಗಸ್ರಿ!" ಚನ್ನಬಸವ್ವ ಎದ್ದು ನಿಂತ್ಲು.

"ಕುಂದ್ರ ಚನ್ನಿ! ಬ್ಯಾಡ ಅಂದಾಂವ ಅವಾ!"

"ಬ್ಯಾಡ ಅಂದಾಂವ ಇಷ್ಟು ನೀರು ಕುಡೀತಾನೇನು ಕಾಕಾ?"

ಗೌಸಸಾಬ ಕಾಕಾನ ಮಾರಿ ನೋಡಲಾರದ ದೋಣಿ ತಿರುಗಿಸಿದ.

ಕೊಪ್ಪರಿಗಿ ಅಂಚಿನ ತನಕಾ ಇಳದಿತ್ತು. ಆಕಿ ಬಗ್ಗಿ ಕೈ ಚಾಚಿದಾಕಿ... ಅಲ್ಲೇ ತಡದಳು.

"ಮುಟ್ಟಲೇನ್ರಿ?"

"ಲಗೂ ಮುಟ್ರೀ!"

ಆಕಿ ಅವನ ತೋಳು ಜಗ್ಗಿದ್ಲು, ಗೌಸಸಾಬ ಕೊಪ್ಪರಿಗಿ ಹಿಡಿಕಿಗೆ ಹಗ್ಗ ಬಿಗದ. ಮಹಾಂತಯ್ಯ ತೊಯ್ದ ಕೋಳಿಹಂಗ ದೋಣ್ಯಾಗ ಬಿದ್ದ.

"ಸಕ್ಕರಿ... ಉಳದೈತೇನ್ರಿ?"

ಆಕಿ ಸೆರಗಿನ ಗಂಟು ಬಿಚ್ಚಿದ್ಲು. ಒಂದು ಚಿಟಿಗಿ ಸಕ್ಕರಿ ತಗೊಂಡ್ಳು.

"ಇಲ್ಲಿ ತಿನ್ನಬಹುದೇನ್ರಿ?"

"ದೋಣ್ಯಾಗ ತಾಳೆಗರಿ ಇಲ್ರಿ."

ಆಕಿ ಅವನ ಬಾಯಾಗ ಹಾಕಿದ್ಲು. ಕಾಕಾ ಮುಗಲು ನೋಡಿಕೋತ ಅಂದ, "ದಲ್ಲಾಳಿಗೆ ಇನ್ನ ನಾನ ಇರಿವಿ ನೆವ ಹೇಳ್ಬೇಕು."

"ನಿಮ್ಮ ಕೈ ಇನ್ನೂ ನಡಗಾಕತ್ತಾವಲ್ರಿ," ಮಹಾಂತಯ್ಯ ಮೆಲ್ಲಕ ಕೇಳಿದ. "ಅಂಜಿಕೇನು?"

"ಹೂಂ... ಮತ್ತ ದೂಡೀರಿ ಅಂತ."

ಅಂವ ಆ ಕೈ ತನ್ನ ಎರಡೂ ಕೈಯಾಗ ಹಿಡಕೊಂಡ.

"ದಂಡಿ ಬಂದ್ರೂ ಬಿಡಂಗಿಲ್ರಿ."